ಅಡ್ಡಾಗುವ ಆಸನ

ನಮ್ಮ ಅತ್ತೆಯವರ ಬಿ.ಪಿ. ಮನೆಯಲ್ಲಿ ಒಂದು ಥರ, ದವಾಖಾನೆಯಲ್ಲಿ ಇನ್ನೊಂದು ಥರ. ಮನೆಯಲ್ಲಿ ನೋಡಿದರೆ ಎಲ್ಲ ಸರಿ. ಕಣ್ಣಿನ ದವಾಖಾನೆಯ ಮೆಟ್ಟಿಲು ಹತ್ತಿದರೆ ಸಾಕು, ಹಾಲು ಉಕ್ಕಿದ ಹಾಗೆ ಏರಿಬಿಡುತ್ತಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲು ಒಂದು ಕಣ್ಣಿನ ಆಪರೇಷನ್ ಆಗಲಿ ಎಂದು ಭಾತಂಬ್ರಾದಿಂದ ಬೀದರಿನ ನಮ್ಮ ಮನೆಗೆ ಕರೆತಂದಿದ್ದೆವು. ಒಮ್ಮೆ ಹೋದೆವು, ಡಾಕ್ಟರು ಬಿ.ಪಿ. ನೋಡಿ ವಾಪಸ್ ಕಳಿಸಿದರು. ಗುಳಿಗೆ ನುಂಗಿಸಿ ಮತ್ತೊಮ್ಮೆ ಹೋದೆವು. ಮತ್ತೆ ವಾಪಸ್.

"ಗುಳಗಿ ಹೆಚ್ಚು ಮಾಡಬಹುದ್ರಿ. ಖರೆ ಇವರಿಗೆ ಆಗಿದ್ದು ಅಂಜಿಕಿ. ಮನಸ್ಸಿಗಿ ಜರಾ ಆರಾಮ ಮಾಡಿಸ್ರಿ," ಎಂದರು ಡಾಕ್ಟರು.

"ಅಂಜಿಕಿ ಗಿಂಜಿಕಿ ಏನಿಲ್ಲ. ಆ ಮಶೀನೇ ಖರಾಬ್ ಅದ," ಎಂದು ಅತ್ತೆ ಆಟೋದಲ್ಲಿ ಕೂತು ಘೋಷಿಸಿದರು.

ಕಣ್ಣು ಅವರಿಗೆ ಬೇರೆ ಯಾವುದಕ್ಕೂ ಅಷ್ಟಾಗಿ ಬೇಕಿರಲಿಲ್ಲ. ಟಿ.ವಿ. ನೋಡುವವರಲ್ಲ, ಓದುವವರಲ್ಲ. ಆದರೆ ಬೆಳಿಗ್ಗೆ ಸ್ನಾನ ಮಾಡಿ, ಕೊರಳಲ್ಲಿ ಕಟ್ಟಿಕೊಂಡ ಬೆಳ್ಳಿಯ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕೂತರೆ ಕೈಯೊಳಗಿನ ಲಿಂಗ ಬರೀ ಒಂದು ಕಪ್ಪು ಮೋಡ. ಬೆರಳಿನಿಂದ ತಡಕಾಡಿ ವಿಭೂತಿ ಹಚ್ಚುತ್ತಿದ್ದರು. ಹೂವು ಇಡಲು ಹೋದರೆ ಮಡಿಲಿಗೆ ಬೀಳುತ್ತಿತ್ತು. "ಕೈಯಾಗೇ ಅದಾನ, ಆದ್ರ ಮಾರಿ ತೋರಸವಲ್ಲ," ಎಂದು ಶಿವನ ಮೇಲೆ ಸಿಟ್ಟು ಮಾಡುತ್ತಿದ್ದರು. ಆ ಸಿಟ್ಟು ಕೇಳಿದಾಗ ನನಗೆ ಒಳಗೊಳಗೆ ಅಳು ಬರುತ್ತಿತ್ತು.

ನನ್ನದೂ ಆಗ ಅಷ್ಟೇನೂ ಆರಾಮದ ಕಾಲವಲ್ಲ. ನಮ್ಮ ಮನೆಯವರು ದಿನಾ ಭಾಲ್ಕಿಗೆ ನೌಕರಿಗೆ ಹೋಗಿ ಬರುವವರು. ಬೆಳಗಿನ ಬಸ್ಸಿಗೆ ಡಬ್ಬಿ ತಯಾರಾಗಬೇಕು, ಮಗಳು ಕಾಲೇಜಿಗೆ ಹೊರಡಬೇಕು, ನೀರು ಬಿಟ್ಟಾಗ ಹಿಡಿಯಬೇಕು. ನನ್ನ ಲಿಂಗಪೂಜೆ ಅಡುಗೆಮನೆಯ ಬಾಗಿಲ ಬಳಿಯೇ ನಡೆಯುತ್ತಿತ್ತು. ತಲೆಯೊಳಗೆ ಸದಾ ಸಂತೆ. ಸಂಜೆಯಾದರೆ ಕುತ್ತಿಗೆಯ ಹಿಂದೆ ಕಲ್ಲು ಕಟ್ಟಿದ ಹಾಗೆ ಭಾರ.

ನಮ್ಮ ಓಣಿಯ ಸಮುದಾಯ ಭವನದಲ್ಲಿ ಬೆಳಿಗ್ಗೆ ಹೆಂಗಸರಿಗೆ ಯೋಗ ಕಲಿಸುವ ಹುಡುಗಿಯೊಬ್ಬಳಿದ್ದಳು. ಔರಾದ ಕಡೆಯವಳು, ನಮ್ಮ ಓಣಿಗೆ ಸೊಸೆಯಾಗಿ ಬಂದವಳು. ಅತ್ತೆಯನ್ನು ಅಲ್ಲಿಗೆ ಕರೆದೊಯ್ಯುತ್ತೇನೆ ಎಂದೆ.

"ಅವ್ವಂದು ಬಿ.ಪಿ. ಇಳಸ್ಲಕ್ಕ ಹೋಗಿ ನಿಂದು ಏರಿಸ್ಕೊಂಡು ಬರಬ್ಯಾಡ," ಎಂದರು ನಮ್ಮ ಮನೆಯವರು, ಡಬ್ಬಿ ಎತ್ತಿಕೊಳ್ಳುತ್ತಾ.

ಮೊದಲ ದಿನ ಅತ್ತೆ ಎಲ್ಲರಿಗಿಂತ ಚೆನ್ನಾಗಿ ಮಾಡಿದರು. ಕೈ ಎತ್ತಿರಿ ಎಂದರೆ ಎತ್ತಿದರು, ಉಸಿರು ಬಿಡಿರಿ ಎಂದರೆ ಪಕ್ಕದವರ ಸೆರಗು ಹಾರುವ ಹಾಗೆ ಬಿಟ್ಟರು. ನನ್ನ ಮೊಣಕಾಲು ಕಟಕಟ ಎಂದಿತು, ಅವರದು ಸದ್ದಿಲ್ಲ. ಹೊಲದಲ್ಲಿ ಕಳೆ ತೆಗೆದು ಪಳಗಿದ ಮೈ. ಕೊನೆಗೆ ಹುಡುಗಿ, "ಈಗ ಎಲ್ಲಾರೂ ಅಂಗಾತ ಮಲ್ಕೋರಿ. ಶವಾಸನ," ಎಂದಳು.

ಮಲಗಲು ಹೊರಟಿದ್ದ ಅತ್ತೆ ಅರ್ಧಕ್ಕೇ ನಿಂತರು.

"ಏನಂದಿ ತಂಗಿ? ಶವ ಅಂದ್ರ ಹೆಣ ಅಲ್ಲೇನು?"

"ಹೌದ್ರಿ ಆಯಿ. ಅದು ಸುಮ್ನ ಹೆಸರದರಿ."

"ನಾ ಕಣ್ಣು ಮಾಡಿಸ್ಕೋಲಕ್ಕ ಬೀದರಕ್ಕ ಬಂದೇನಿ. ನೀ ಒಮ್ಮಿಗೇ ಎಲ್ಲಿಗಿ ಕಳಸ್ಲಕತ್ತಿ?"

ಮಲಗಿದ್ದ ಹೆಂಗಸರ ಹೊಟ್ಟೆಗಳು ಅಲುಗಾಡತೊಡಗಿದವು. ಅತ್ತೆ ಎದ್ದು ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂತುಬಿಟ್ಟರು. "ಅಲ್ಲದೇ, ನಮ್ಮ ಮಂದ್ಯಾಗ ಹೆಣ ಮಲಗಂಗಿಲ್ಲ. ಕುಂಡರ್ತದ. ಮಲಗೋದು ಜೀವ ಇದ್ದವರ ಕೆಲಸ."

ಮಾತು ಖರೆಯೇ. ನಮ್ಮಲ್ಲಿ ತೀರಿಕೊಂಡವರನ್ನು ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡುತ್ತೇವೆ. ಆಗ ಹಿಂದಿನ ಸಾಲಿನಿಂದ ಯಾರೋ, "ಆಯಿ, ಹಂಗಾದ್ರ ಈಗ ನೀವು ಕುಂತೀರಲ್ಲ, ಅದೇ ಶವಾಸನ ಆಯ್ತಲ್ರಿ!" ಎಂದರು.

ಅತ್ತೆ ತಮ್ಮ ಮಡಚಿದ ಕಾಲನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಆಮೇಲೆ ಗಡಬಡಿಸಿ ಧಪ್ಪನೆ ಮಲಗಿಬಿಟ್ಟರು. ಇಡೀ ಭವನ ನಕ್ಕಿತು. ನನಗಂತೂ ಅಂಗಾತ ಮಲಗಿ ನಕ್ಕು ನಕ್ಕು ಕಣ್ಣೀರು ಕಿವಿಯೊಳಗೆ ಇಳಿಯಿತು. ಎದ್ದಾಗ ಕುತ್ತಿಗೆಯ ಕಲ್ಲು ಎಲ್ಲಿ ಹೋಯಿತೋ ಗೊತ್ತಿಲ್ಲ. ನಾನು ಇಂಥದ್ದನ್ನು ಪ್ರಸಾದ ಎನ್ನುತ್ತೇನೆ. ತಾಟಿನಲ್ಲಿ ಬಂದದ್ದು ಮಾತ್ರ ಪ್ರಸಾದವಲ್ಲ.

ಹುಡುಗಿಯೂ ಜಾಣೆ. "ಬ್ಯಾಡ್ರಿ ಆಯಿ, ಆ ಹೆಸರೇ ಬ್ಯಾಡ. ಊಟ ಆದಮ್ಯಾಲ ಜರಾ ಅಡ್ಡಾಗ್ತೀರಿಲ್ಲೋ? ಇದು ಅಡ್ಡಾಗೋ ಆಸನ," ಎಂದಳು. ಅತ್ತೆ ಒಪ್ಪಿದರು. ಆದರೆ ಹುಡುಗಿ ಅವರ ಕೈಗಳನ್ನು ಮೈಯ ಪಕ್ಕಕ್ಕೆ ಚಾಚಲು ಹೋದಾಗ ಎದೆಯ ಮೇಲಿನ ಬಲಗೈ ಮುಷ್ಟಿ ಬಿಚ್ಚಲಿಲ್ಲ. ಮುಷ್ಟಿಯೊಳಗೆ ಕರಡಿಗೆ ಇತ್ತು.

"ಆಯಿ, ಕೈ ಸಡ್ಲ ಬಿಡ್ರಿ."

"ಬಿಡಂಗಿಲ್ಲ."

ಅದು ಚೇಷ್ಟೆಯ ದನಿಯಾಗಿರಲಿಲ್ಲ. ಮನೆಗೆ ಬರುವಾಗ ಕೈ ಹಿಡಿದು ನಡೆಸುತ್ತಾ, "ಅತ್ತಿ, ದವಾಖಾನ್ಯಾಗ ಏನರ ಆಗ್ಯದೇನ್ರಿ? ನನಗ ಹೇಳ್ರಿ," ಎಂದೆ.

ಅತ್ತೆ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು. ಆಮೇಲೆ ಹೇಳಿದರು. ಮೊದಲ ಸಲ ಹೋದಾಗ, ನಾನು ಚೀಟಿ ಮಾಡಿಸಲು ಹೊರಗೆ ಹೋದ ಹೊತ್ತಿನಲ್ಲಿ, ಅಲ್ಲಿಯ ಒಬ್ಬಳು ಬಂದು, ಒಳಗೆ ಹೋಗುವ ಮುಂಚೆ ಬಳೆ, ಕೊರಳಿನದು ಎಲ್ಲಾ ತೆಗೆದು ಮನೆಯವರ ಕೈಗೆ ಕೊಡಬೇಕು ಎಂದಿದ್ದಳಂತೆ.

"ಬಳಿ ತಗೀಲಿ, ಬೇಕಾದ್ರ ಕೂದಲಾ ತಗೀಲಿ. ಲಿಂಗ ಮೈಬಿಟ್ಟು ಅಗಲಿದ ಮ್ಯಾಲ ನಾ ಅಲ್ಲಿ ಯಾರಂತ ಮಲಗ್ಲಿ? ಅವನ್ನ ನೋಡ್ಲಕ್ಕೇ ಅಲ್ಲೇನು ಕಣ್ಣು ಬೇಕಾಗಿದ್ದು? ಕಣ್ಣಿನ ಸಲುವಾಗಿ ಅವನ್ನೇ ಬಿಡ್ಲೇನು?"

"ಇಷ್ಟು ದಿನ ಯಾಕ ಹೇಳಲಿಲ್ರಿ?"

"ನೀವು ರಜಾ ಹಾಕಿ, ಆಟೋ ಮಾಡಿ ಹೈರಾಣ ಆಗ್ಲಕತ್ತೀರಿ. ಮುದುಕಿ ಹಟಾ ಅಂತ ಅಂತೀರಂತ ಸುಮ್ಮನಿದ್ದೆ."

ಆ ಮಧ್ಯಾಹ್ನವೇ ದವಾಖಾನೆಗೆ ಒಬ್ಬಳೇ ಹೋದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ, ಆದರೆ ಶಿವ ಆ ಶ್ರಮ ಉಳಿಸಿದ. ಆಪರೇಷನ್ ಕೋಣೆಯ ಸಿಸ್ಟರ್ ತಾಳ್ಮೆಯಿಂದ ಕೇಳಿದಳು. "ಬೆಳ್ಳಿ ಬ್ಯಾಡ್ರಿ, ಕೊರಳಾಗ ದಾರ ಬ್ಯಾಡ್ರಿ. ಲಿಂಗ ಅಷ್ಟೇ ನಾವು ಕೊಡೋ ಬಟ್ಟ್ಯಾಗ ಸುತ್ತಿ ಅಂಗೈಯಾಗ ಇಡ್ತೇನಿ. ಡಾಕ್ಟರಿಗಿ ನಾ ಹೇಳ್ತೇನಿ. ಒಂದೇ ಮಾತು, ಆಯಿ ಕೈ ಬಿಗೀಬಾರ್ದು, ಅಳ್ಳಾಡಬಾರ್ದು. ಸಡ್ಲ ಇರಬೇಕು."

ಸಡಿಲ ಇರುವುದೇ ಕಷ್ಟದ ಕೆಲಸ. ಅದನ್ನು ಮನೆಯಲ್ಲಿ ಕಲಿತೆವು. ಊಟವಾದ ಮೇಲೆ ನಡುಮನೆಯಲ್ಲಿ ಜಮಖಾನ ಹಾಸಿ ಅತ್ತೆ ಮಲಗುವರು. ಎಡ ಅಂಗೈಯಲ್ಲಿ ಬಟ್ಟೆ ಸುತ್ತಿದ ಲಿಂಗ. ಹುಡುಗಿ ಬಿಡುವಾದಾಗ ಬಂದು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳುವಳು: "ಕಾಲ್ಬೆರಳು ಸಡ್ಲ ಬಿಡ್ರಿ. ಮೊಣಕಾಲು. ಹೊಟ್ಟಿ. ಹಲ್ಲು ಕಚ್ಚಬ್ಯಾಡ್ರಿ. ಉಸಿರು ಬರ್ಲಿ, ಹೋಗ್ಲಿ." ಅತ್ತೆ ಒಳಗೆ ಹೋಗುವ ಉಸಿರಿಗೆ 'ಓಂ' ಸೇರಿಸಿಕೊಂಡರು, ಹೊರಗೆ ಬರುವ ಉಸಿರಿಗೆ 'ನಮಃ ಶಿವಾಯ'. ಮೊದಮೊದಲು ಬೀದಿಯಲ್ಲಿ ತರಕಾರಿಯವನು ಕೂಗಿದರೂ ಬೆರಳು ಮುಚ್ಚಿಕೊಳ್ಳುತ್ತಿದ್ದವು.

"ಆಯಿ, ಎದಕ್ಕ ಗಟ್ಟಿ ಹಿಡೀತೀರಿ? ಅಂವ ಎಲ್ಲಿ ಓಡಿ ಹೋಗ್ತಾನ್ರಿ?" ಎಂದಳು ಹುಡುಗಿ ಒಂದು ದಿನ.

ಅತ್ತೆ ಕಣ್ಣು ಮುಚ್ಚಿಕೊಂಡೇ ಯೋಚಿಸಿದರು. "ಹೌದಲ್ಲ, ಇಷ್ಟು ವರ್ಷ ನನ್ನ ಕೈಯಾಗ ಇದ್ದಂವ," ಎಂದು ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದರು. ಬಟ್ಟೆಯ ಗಂಟು ಅಂಗೈ ಮೇಲೆ ಹಕ್ಕಿಮರಿಯ ಹಾಗೆ ಕೂತಿತ್ತು.

ಅವರಿಗೆ ಜೊತೆ ಎಂದು ನಾನೂ ಪಕ್ಕದಲ್ಲಿ ಮಲಗುತ್ತಿದ್ದೆ. ಹಗಲು ಹೊತ್ತು ನಾನು ಬೆನ್ನು ನೆಲಕ್ಕೆ ಹಚ್ಚಿದ್ದು ಬಾಣಂತಿಯಾಗಿದ್ದಾಗ ಮಾತ್ರ. ಕಾಲ್ಬೆರಳು, ಮೊಣಕಾಲಿನವರೆಗೆ ಕೇಳಿಸಿಕೊಂಡದ್ದು ನೆನಪು, ಹೊಟ್ಟೆಯ ತನಕ ನಾನು ಎಚ್ಚರ ಇದ್ದದ್ದೇ ಇಲ್ಲ.

"ಏನ್ ಗೊರಕಿ ಬೇ ನಿಂದು! ನನ್ನ 'ನಮಃ ಶಿವಾಯ' ಎಲ್ಲಾ ನಿನ್ನ ಮೂಗಿನ್ಯಾಗ ಹೋಯ್ತು," ಎಂದು ಅತ್ತೆ ಎಬ್ಬಿಸುತ್ತಿದ್ದರು. ಎದ್ದು ಚಹಾಕ್ಕೆ ಇಟ್ಟರೆ ಸಂಜೆಯ ರೊಟ್ಟಿ ತಟ್ಟುವುದು ಭಾರ ಅನಿಸುತ್ತಿರಲಿಲ್ಲ. ಮಗಳ ಮೇಲೆ ಕೂಗುವುದೂ ಕಡಿಮೆಯಾಯಿತು ಎಂದು ಅವಳೇ ಹೇಳಿದಳು.

ಮೂರನೆಯ ಸಲ ದವಾಖಾನೆಗೆ ಹೋದಾಗ ಅತ್ತೆ ಸಿಸ್ಟರನ್ನು ಮೊದಲು ಕೇಳಿದ್ದು, "ಬಟ್ಟಿ ಎಲ್ಲದ ತಂಗಿ?" ತಾವೇ ಕರಡಿಗೆ ಬಿಚ್ಚಿ, ಲಿಂಗವನ್ನು ಅಂಗೈಗೆ ತೆಗೆದುಕೊಂಡು, ಖಾಲಿ ಕರಡಿಗೆಯನ್ನು ನನ್ನ ಕೈಗೆ ಕೊಟ್ಟರು. ಡಾಕ್ಟರು ಬಿ.ಪಿ. ನೋಡಿದರು. ಮತ್ತೊಮ್ಮೆ ನೋಡಿದರು.

"ಮಶೀನ್ ರಿಪೇರಿ ಮಾಡಿಸೀರೇನು?" ಎಂದರು ಅತ್ತೆ.

ಒಳಗಿದ್ದಷ್ಟು ಹೊತ್ತು ನಾನು ಆ ಖಾಲಿ ಕರಡಿಗೆ ಹಿಡಿದು ಹೊರಗೆ ಕೂತಿದ್ದೆ. ನನ್ನ ಮುಷ್ಟಿಯೇ ಬಿಗಿದಿತ್ತು. ಹುಡುಗಿ ಹೇಳಿದ್ದು ನೆನಪಾಗಿ, ಬೆಂಚಿನ ಮೇಲೆ ಕೂತೇ ಕಾಲ್ಬೆರಳಿನಿಂದ ಶುರು ಮಾಡಿದೆ. ಅತ್ತೆ ಹೊರಬಂದಾಗ ಒಂದು ಕಣ್ಣಿಗೆ ಪಟ್ಟಿ, ಎಡ ಅಂಗೈ ಬಿಚ್ಚಿಕೊಂಡೇ ಇತ್ತು. "ಏನ್ ಮಾಡಿದ್ರಿ ಅತ್ತಿ?" ಎಂದೆ. "ಏನ್ ಮಾಡೋದು? ಅಡ್ಡಾಗಿದ್ದೆ," ಎಂದರು.

ಮರುದಿನ ಪಟ್ಟಿ ಬಿಚ್ಚಿದರು. ಅದರ ಮಾರನೆಯ ಬೆಳಿಗ್ಗೆ ಅತ್ತೆ ಕಿಟಕಿಯ ಬೆಳಕಿಗೆ ಪೂಜೆಗೆ ಕೂತರು. ನಾನು ಎಂದಿನಂತೆ ಅಡುಗೆಮನೆಯ ಬಾಗಿಲ ಬಳಿ ನನ್ನ ಲಿಂಗ ಹಿಡಿದು ಕೂತಿದ್ದೆ. ಅವರು ಅಂಗೈಯನ್ನು ಮುಖದ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಆಮೇಲೆ ಸಣ್ಣ ಮಗುವಿಗೆ ಹೇಳುವ ಹಾಗೆ, "ಅಯ್ಯ ನನ್ನಪ್ಪಾ, ಕುರುಡು ಕೈಲೆ ಎಷ್ಟು ವಿಭೂತಿ ಬಳದೇನಿ ನಿನಗ! ತಡಿ, ತಡಿ," ಎಂದು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರು. ಹೂವು ಇಟ್ಟರು. ಹೂವು ಇಟ್ಟಲ್ಲೇ ನಿಂತಿತು.

ನಾನು ಕಣ್ಣು ಒರೆಸಿಕೊಂಡು, ಕುಕ್ಕರಿನ ಕಡೆ ಒಮ್ಮೆ ನೋಡಿ, ನನ್ನ ಅಂಗೈಗೆ ತಿರುಗಿದೆ.

"ಏ ಯವ್ವಾ," ಎಂದರು ಅತ್ತೆ. "ನನಗ ಸದ್ಯ ಒಂದೇ ಕಣ್ಣು, ಆಪರೇಷನ್ ಆಗ್ಯದ. ನಿನಗೇನಾಗ್ಯದ? ಒಂದು ಕಣ್ಣು ಲಿಂಗದ ಮ್ಯಾಲ, ಒಂದು ಕಣ್ಣು ಕುಕ್ಕರ್ ಮ್ಯಾಲ. ಇಷ್ಟು ವರ್ಷ ಹಿಂಗೇ ನಡದದೇನು ಪೂಜಿ?"

ಕಂಡುಬಿಟ್ಟಿತಲ್ಲ! ನಾನು ನಗುತ್ತಾ ಎದ್ದು ಗ್ಯಾಸ್ ಆರಿಸಿದೆ. ಬಂದು ಅವರ ಪಕ್ಕದಲ್ಲಿ, ಕಿಟಕಿಯ ಬೆಳಕಿಗೆ, ಕೂತುಕೊಂಡೆ.