ನಮಗೆಂದೇ ಇಟ್ಟ ಬೆಂಚುಗಳು

ನಮ್ಮ ಕಾಲೇಜಿನ ಪ್ರಾರ್ಥನಾ ಕೂಟಕ್ಕೆ ಆಸರೆಯಾಗಿದ್ದ ಚರ್ಚಿಗೆ ನಾವು ಮೊದಲ ಸಲ ಹೋದಾಗ, ಗಂಟೆ ಬಾರಿಸುವ ಮಾವ ಹೆಗಲ ಮೇಲಿನ ಟವೆಲ್ಲಿನಿಂದ ಮುಂದಿನ ಎರಡು ಬೆಂಚು ಒರೆಸಿ, "ಬನ್ನಿ ಮಕ್ಕಳೇ, ಇವು ನಿಮ್ಮವೇ. ಬೇರೆ ಯಾರೂ ಕೂರಲ್ಲ" ಎಂದರು. ಚರ್ಚಿನವರು ಪ್ರೀತಿಯಿಂದಲೇ ಮಾಡಿದ ಏರ್ಪಾಡು ಅದು. ಆದರೆ ಪಕ್ಕದಲ್ಲಿ ಯಾರೂ ಕೂರದೆ, ವರ್ಷ ಕಳೆದರೂ ನಮಗೆ ಒಬ್ಬರ ಪರಿಚಯವೂ ಆಗಲಿಲ್ಲ. ಹುಡುಗರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು.

"ಮಾವ, ನಮ್ಮನ್ನ ಎಲ್ಲರ ಮಧ್ಯೆ ಕೂರಿಸಿ" ಎಂದೆ.

"ಚರ್ಚಿನ ಹಿರಿಯರಿಗೆ ನಾನೂ ಹೇಳ್ದೆ ಮಗಾ. ಕೊಟ್ಟ ಮರ್ಯಾದೆ ವಾಪಸ್ ತಗೊಳ್ಳೋಕಾಗುತ್ತಾ ಅಂದ್ರು. ಏನ್ಮಾಡ್ಲಿ, ಗಂಟೆ ಹೊಡೆಯೋನ ಮಾತು ಗಂಟೆಯಷ್ಟು ದೂರ ಕೇಳ್ಸಲ್ಲ."

ಈಗ ಕೂಟದಿಂದ ಆ ಚರ್ಚಿಗೆ ಯಾರೂ ಹೋಗುವುದಿಲ್ಲ. ಮಾವ ಪ್ರತಿ ಭಾನುವಾರ ಆ ಎರಡು ಬೆಂಚು ಒರೆಸಿ, ಗಂಟೆ ಬಾರಿಸುತ್ತಾರೆ.