ಊಟದ ಹೊತ್ತಿಗೆ ನಿಲ್ಲುವ ಮೇಲ್

ಲಿಫ್ಟ್ ತಯಾರಿಸುವ ಆ ಕಂಪನಿಯಲ್ಲಿ ಅವಳನ್ನು ಎಲ್ಲರೂ ಅಂಚೆಯಕ್ಕ ಎಂದೇ ಕರೆಯುತ್ತಿದ್ದರು. ಒಂದು ದಿನವೂ ಕಾಗದ ಹಂಚಿದವಳಲ್ಲ. ಮೊದಮೊದಲು ಮುಂಬಾಗಿಲ ಮೇಜಿನಲ್ಲಿ ಕೂತು ಬಂದವರನ್ನು ಮಾತಾಡಿಸುತ್ತ, ಫೋನ್ ಎತ್ತುತ್ತ ಇದ್ದಳು. ಕಂಪನಿಗೆ ಸ್ವಂತ ಮೇಲ್ ಸರ್ವರ್ ಬಂದಾಗ ಅದನ್ನು ಕೂರಿಸಲು ಬಂದಿದ್ದ ಎಂಜಿನಿಯರನ ಬೆನ್ನು ಹತ್ತಿ, ಪ್ರಶ್ನೆ ಕೇಳಿ ಕೇಳಿ ಅವನನ್ನು ಸುಸ್ತು ಮಾಡಿದಳು. ಇದನ್ನು ನೋಡಿಕೊಳ್ಳಲು ಹೊರಗಿನವರನ್ನು ಹುಡುಕಬೇಡಿ, ನಿಮ್ಮ ಬಾಗಿಲಲ್ಲೇ ಒಬ್ಬರಿದ್ದಾರೆ ಎಂದು ಅವನು ಹೊರಡುವಾಗ ಮ್ಯಾನೇಜರರಿಗೆ ಹೇಳಿಹೋದ. ಮ್ಯಾನೇಜರರು ಅವಳನ್ನು ಕೋರ್ಸಿಗೆ ಕಳಿಸಿದರು. ಪಾಸಾಗಿ ಬಂದವಳಿಗೆ ಸರ್ವರ್ ಕೋಣೆಯ ಪಕ್ಕದಲ್ಲೇ ಒಂದು ಪುಟ್ಟ ಕೋಣೆ ಸಿಕ್ಕಿತು. ಯಂತ್ರ ಬಿಸಿಯಾಗದಿರಲೆಂದು ಬಿಟ್ಟ ತಣ್ಣನೆ ಗಾಳಿ ಗೋಡೆಯ ಸಂದಿನಿಂದ ಅಲ್ಲಿಗೂ ನುಗ್ಗುತ್ತಿತ್ತು. ಹಾಗಾಗಿ ಸುಡುಬೇಸಿಗೆಯಲ್ಲೂ ಅವಳ ಕುರ್ಚಿಯ ಬೆನ್ನಿಗೆ ಒಂದು ಸ್ವೆಟರ್ ನೇತಾಡುತ್ತಿತ್ತು.

ಹೊಸಬರಿಗೆ ಮೇಲ್ ವಿಳಾಸ ಮಾಡಿಕೊಡುವುದು, ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವುದು, ಕಸವೆಂದು ಸರ್ವರ್ ಪಕ್ಕಕ್ಕೆ ತಳ್ಳಿದ ಗಿರಾಕಿಯ ಮೇಲನ್ನು ಹುಡುಕಿ ತರುವುದು, ಇವು ದಿನದ ಕೆಲಸ. ಅವಳ ಗಂಡ ಬಸ್ ಡ್ರೈವರ್. ಅವನು ಏನು ಮಾಡುತ್ತಾನೆಂದು ಮನೆಯವರಿಗೆಲ್ಲ ಗೊತ್ತು. ಇವಳ ಕೆಲಸ ಮಾತ್ರ ಅತ್ತೆಗೆ ಎಷ್ಟು ಹೇಳಿದರೂ ತಲೆಗೆ ಹತ್ತುತ್ತಿರಲಿಲ್ಲ. ಸಂಜೆ ಸೊಸೆ ಚಪ್ಪಲಿ ಬಿಡುವ ಮೊದಲೇ, ಇವತ್ತು ಎಲ್ಲರಿಗೂ ಕಾಗದ ಮುಟ್ಟಿತಾ ಎಂದು ವಿಚಾರಿಸುತ್ತಿದ್ದರು. ಮುಟ್ಟಿತು ಅತ್ತೆ ಎಂದರೆ ಅವರಿಗೆ ಸಮಾಧಾನ.

ಒಂದು ಸಲ ಆ ಮಾತು ಹೇಳಲಾಗದ ಕಾಲ ಬಂತು. ಬೆಳಿಗ್ಗೆ ಬಾಣದಂತೆ ಹೋಗುತ್ತಿದ್ದ ಮೇಲ್‌ಗಳು ಮಧ್ಯಾಹ್ನದ ಊಟದ ಹೊತ್ತಿಗೆ ಕಾಲೆಳೆಯಲು ಶುರುಮಾಡಿದವು. ಊಟವಾದ ಕೂಡಲೇ ಕಳಿಸಿದ ದರಪಟ್ಟಿ ಗಿರಾಕಿಯ ಕೈ ಸೇರುವಾಗ ಸಂಜೆಯಾಗುತ್ತಿತ್ತು. ಕಳಿಸಿದ್ದೇನೆ ಎಂದರೆ ಗಿರಾಕಿ ನಂಬುತ್ತಿಲ್ಲ, ನನ್ನನ್ನು ಸುಳ್ಳುಗಾರನ ಸಾಲಿಗೆ ಸೇರಿಸಿದ್ದಾನೆ ಎಂದು ಮಾರಾಟ ವಿಭಾಗದವನು ದಿನವೂ ಅವಳ ಬಾಗಿಲಿಗೆ ಬಂದು ಗೋಳಾಡಿದ.

ಅಂಚೆಯಕ್ಕ ಮೊದಲು ಇಂಟರ್‌ನೆಟ್ಟಿನವರ ಮೇಲೆ ಅನುಮಾನಪಟ್ಟಳು. ಅವರು ಬಂದು ಪರೀಕ್ಷಿಸಿ, ಲೈನಿನಲ್ಲಿ ಏನೂ ದೋಷವಿಲ್ಲ ಎಂದು ಕೈತೊಳೆದುಕೊಂಡರು. ಆಮೇಲೆ ವೈರಸ್ ತಪಾಸಣೆ ಮಾಡುವ ಪ್ರೋಗ್ರಾಮ್ ಹಳತಾಯಿತೇನೋ ಎಂದು ಅದನ್ನು ಬದಲಿಸಿದಳು. ಗುಣ ಕಾಣಲಿಲ್ಲ. ಕೊನೆಗೆ ಒಂದು ದಿನ, ಎಲ್ಲರೂ ಊಟಕ್ಕೆ ಎದ್ದಾಗ ತಾನು ಮಾತ್ರ ಏಳದೆ ಸ್ವೆಟರ್ ಹೊದ್ದು ಪರದೆಯ ಮುಂದೆ ಕೂತಳು. ಹೊರಡಬೇಕಾದ ಮೇಲ್‌ಗಳು ಸರ್ವರಿನಲ್ಲಿ ಒಂದರ ಹಿಂದೊಂದು ಸಾಲು ನಿಲ್ಲುತ್ತವೆ. ಸಾಮಾನ್ಯವಾಗಿ ಅದು ಸಾಲು ಎನ್ನುವಷ್ಟೂ ಇರುವುದಿಲ್ಲ. ಅವತ್ತು ಜನ ಊಟ ಮುಗಿಸಿ ಕುರ್ಚಿಗೆ ಮರಳುತ್ತಿದ್ದಂತೆ ಸಾಲು ಉಬ್ಬತೊಡಗಿತು. ಯಾರದೆಂದು ನೋಡಿದಳು. ಒಂದಾದ ಮೇಲೊಂದು, ಎಲ್ಲದರ ನೆತ್ತಿಯ ಮೇಲೂ ಒಂದೇ ವಿಷಯ: ಇವತ್ತಿನ ಊಟ.

ಕ್ಯಾಂಟೀನಿಗೆ ಆಗಷ್ಟೇ ಹೊಸ ಅಡುಗೆಯವನು ಬಂದಿದ್ದ. ಅವನಿಗೆ ಮೇಲ್ ವಿಳಾಸ ಮಾಡಿಕೊಟ್ಟವಳು ಇವಳೇ. ಅವನು ತಟ್ಟೆಗಳನ್ನು ಕಿಟಕಿಯ ಬೆಳಕಿಗೆ ಜೋಡಿಸಿ, ಹೊಸ ಫೋನಿನಲ್ಲಿ ಒಂದೊಂದು ಪದಾರ್ಥದ ಫೋಟೋ ತೆಗೆದು, ಇಡೀ ಕಂಪನಿಗೆ ಕಳಿಸುತ್ತಿದ್ದ. ಅವು ದಿನವೂ ಅವಳಿಗೂ ಬರುತ್ತಿದ್ದವು, ಅವುಗಳ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ. ಫೋಟೋಗಳು ಗೋಡೆಗೆ ಹಾಕುವಷ್ಟು ದೊಡ್ಡವು. ಅಷ್ಟಾದರೆ ಸರ್ವರ್ ತಡೆದುಕೊಳ್ಳುತ್ತಿತ್ತೋ ಏನೋ. ಊಟ ಮಾಡಿ ಬಂದವರು ಉತ್ತರ ಬರೆಯುತ್ತಿದ್ದರು. ಒಬ್ಬ ಸೂಪರ್ ಎಂದ. ಇನ್ನೊಬ್ಬಳು ಉಪ್ಪು ಒಂದು ಕೈ ಹೆಚ್ಚಾಯಿತು ಎಂದಳು. ಮತ್ತೊಬ್ಬ ನನಗೆ ಸಿಹಿ ಸಿಗಲೇ ಇಲ್ಲ ಎಂದ. ಬರೆದವರು ಅಡುಗೆಯವನಿಗೆ ಮಾತ್ರ ಕಳಿಸದೆ, ಅವೇ ಫೋಟೋಗಳ ಸಮೇತ ಎಲ್ಲರಿಗೂ ಕಳಿಸುತ್ತಿದ್ದರು. ಆ ಮೆರವಣಿಗೆಯ ಹಿಂದೆ ಪಾಪ, ದರಪಟ್ಟಿ ಸಿಕ್ಕಿಬಿದ್ದಿತ್ತು.

ವಿಷಯ ತಿಳಿದ ಮ್ಯಾನೇಜರರು, ಇದು ಲಿಫ್ಟ್ ಕಂಪನಿ, ಹೋಟೆಲಲ್ಲ, ಅವನ ಮೇಲ್ ಬಂದ್ ಮಾಡಿಬಿಡು ಎಂದರು. ಅಂಚೆಯಕ್ಕನಿಗೆ ಮನಸ್ಸು ಬರಲಿಲ್ಲ. ಸ್ವಲ್ಪ ಕಾಲಾವಕಾಶ ಕೇಳಿ ಬಂದವಳು, ಅವಸರದಲ್ಲಿ ತಾನೇ ಒಂದು ಎಡವಟ್ಟು ಮಾಡಿದಳು. ಇಷ್ಟು ಗಾತ್ರಕ್ಕಿಂತ ದೊಡ್ಡ ಮೇಲ್ ಹೋಗಕೂಡದೆಂದು ಇಡೀ ಸರ್ವರಿಗೇ ಮಿತಿ ಹಾಕಿದಳು. ಮರುದಿನ ಬೆಳಿಗ್ಗೆ ನಕ್ಷೆ ವಿಭಾಗದ ಹಿರಿಯರೊಬ್ಬರು ತೆರೆದ ಲ್ಯಾಪ್‌ಟಾಪನ್ನು ಮಗುವಿನಂತೆ ಎತ್ತಿಕೊಂಡು ಬಂದರು.

“ನೋಡಮ್ಮ, ನನ್ನ ನಕ್ಷೆ ನನಗೇ ವಾಪಸ್ ಬಂದಿದೆ. ತುಂಬಾ ದಪ್ಪ ಇದೆ, ಒಳಗೆ ಬಿಡಲ್ಲ ಅಂತಿದೆ. ಲಿಫ್ಟ್ ನಕ್ಷೆ ಸಣ್ಣ ಆಗೋಕೆ ಉಪವಾಸ ಮಾಡುತ್ತಾ?”

ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ತಪ್ಪು ನನ್ನದೇ ಎಂದು ಒಪ್ಪಿಕೊಂಡು ಅವರೆದುರಿಗೇ ಮಿತಿ ತೆಗೆದಳು. ನಕ್ಷೆ ಹೋಯಿತು ಎಂದು ಖಾತ್ರಿಯಾದ ಮೇಲೆ ಮ್ಯಾನೇಜರರ ಕೋಣೆಗೂ ಹೋಗಿ ನಡೆದದ್ದನ್ನು ಹೇಳಿದಳು. ಅಲ್ಲಿಂದ ನೇರ ಅಡುಗೆಮನೆಗೆ ನಡೆದಳು.

ಅಡುಗೆಯವನು ಸೌಟು ಹಿಡಿದು ಒಲೆಯ ಮುಂದೆ ನಿಂತಿದ್ದ. ಹೊಗಳಲು ಬಂದಳೆಂದೇ ಭಾವಿಸಿ, ಫೋನ್ ತೆಗೆದು ಬಂದ ಉತ್ತರಗಳನ್ನೆಲ್ಲ ತೋರಿಸಿದ. ಅವನು ಹಿಂದೆ ಇದ್ದ ಕಡೆ ವರ್ಷಗಟ್ಟಲೆ ಅಡುಗೆ ಮಾಡಿದರೂ ಚೆನ್ನಾಗಿದೆ ಎಂದವರಿಲ್ಲ, ಕೆಟ್ಟಿದೆ ಎಂದವರೂ ಇಲ್ಲವಂತೆ. ವಾಪಸ್ ಬಂದ ತಟ್ಟೆಯಲ್ಲಿ ಏನು ಉಳಿದಿದೆ ಎಂದು ನೋಡಿಯೇ ಅಡುಗೆ ಹೇಗಾಗಿದೆಯೆಂದು ತಿಳಿದುಕೊಳ್ಳಬೇಕಿತ್ತಂತೆ. ಈಗ ಸಂಜೆ ಮನೆಗೆ ಹೋಗಿ ಹೆಂಡತಿಗೆ ಒಂದೊಂದೇ ಉತ್ತರ ಓದಿ ಹೇಳುತ್ತಾನಂತೆ. ಉಪ್ಪು ಹೆಚ್ಚಾಯಿತು ಎಂಬುದನ್ನೂ ಬಿಡದೆ.

ಅಂಚೆಯಕ್ಕ ಪಕ್ಕದ ಸ್ಟೂಲೆಳೆದು ಕೂತಳು.

“ಅಣ್ಣ, ನೀವು ಒಂದು ದೊಡ್ಡ ಪಾತ್ರೆ ಅಡುಗೆ ಮಾಡಿ ಇಲ್ಲಿಡ್ತೀರಿ. ಎಲ್ಲರೂ ಇಲ್ಲಿಗೇ ಬಂದು ತಿಂತಾರೆ. ಅದು ಬಿಟ್ಟು ಒಬ್ಬೊಬ್ಬರ ಮೇಜಿಗೂ ಒಂದೊಂದು ಪಾತ್ರೆ ಹೊತ್ಕೊಂಡು ಹೋದ್ರೆ ಹೇಗಿರುತ್ತೆ?”

“ಸೊಂಟ ಮುರಿಯುತ್ತೆ.”

“ಅವರು ಚೆನ್ನಾಗಿದೆ ಅಂತ ಹೇಳೋಕೆ, ಒಬ್ಬೊಬ್ಬರೂ ಪಾತ್ರೆ ಸಮೇತ ಉಳಿದವರ ಮೇಜಿಗೆಲ್ಲ ಹೋದ್ರೆ?”

ಅಡುಗೆಯವನು ಸೌಟನ್ನು ಕೆಳಗಿಟ್ಟು ನಕ್ಕ. ನಗುತ್ತಲೇ, ಹಾಗಾದರೆ ನನ್ನಿಂದಲೇ ಎಲ್ಲರ ಕೆಲಸ ಕೆಟ್ಟಿತಾ ಎಂದು ಮುಖ ಸಣ್ಣ ಮಾಡಿಕೊಂಡ. ಕೆಟ್ಟಿಲ್ಲ, ತಡವಾಯಿತು ಅಷ್ಟೇ, ಅದಕ್ಕೆ ದಾರಿಯಿದೆ ಎಂದು ಅವಳು ಧೈರ್ಯ ಹೇಳಿದಳು.

ಕಂಪನಿಯವರು ಮಾತ್ರ ನೋಡುವ ವೆಬ್‌ಸೈಟಿನಲ್ಲಿ ಅವನಿಗಾಗಿ ಒಂದು ಪುಟ ತೆರೆದಳು. ಫೋಟೋ ಅಲ್ಲಿ ಒಂದೇ ಕಡೆ ಇರುತ್ತದೆ, ನೋಡಬೇಕಾದವರು ಅಲ್ಲಿಗೇ ಹೋಗುತ್ತಾರೆ. ಅನಿಸಿಕೆ ಬರೆದರೆ ಅದು ಅಡುಗೆಯವನಿಗೆ ಮಾತ್ರ ತಲುಪುತ್ತದೆ. ಎಲ್ಲರಿಗೂ ಹೋಗುವ ಮೇಲ್‌ಗೆ ಮಾತ್ರ ಗಾತ್ರದ ಮಿತಿ ಹಾಕಿ, ನಕ್ಷೆಯವರ ದಾರಿಯನ್ನು ಮುಟ್ಟದೆ ಬಿಟ್ಟಳು. ಅವತ್ತು ಊಟದ ಹೊತ್ತು ಕಳೆದು ಜನ ಮರಳಿದರೂ ಸರ್ವರಿನಲ್ಲಿ ಸಾಲು ಬೆಳೆಯಲಿಲ್ಲ. ಮಾರಾಟದವನು ಬಾಗಿಲಲ್ಲಿ ತಲೆ ಹಾಕಿ, ಗಿರಾಕಿ ತಾನಾಗಿಯೇ ಫೋನ್ ಮಾಡಿ ದರಪಟ್ಟಿ ಸಿಕ್ಕಿತು ಎಂದನೆಂದು ಹೇಳಿ, ನಗುತ್ತ ಹೋದ. ಹಸಿದು ಕ್ಯಾಂಟೀನಿಗೆ ಓಡಿದ ಅಂಚೆಯಕ್ಕನಿಗೆ ಅಡುಗೆಯವನು ಬಿಸಿಬಿಸಿ ಊಟ ತೆಗೆದಿಟ್ಟಿದ್ದ.

ಅಡುಗೆಯ ಪುಟ ಜನಕ್ಕೆ ಎಷ್ಟು ಹಿಡಿಸಿತೆಂದರೆ, ಬೆಳಗಿನ ಕೆಲಸದ ನಡುವೆಯೇ ಅದರಲ್ಲಿ ಇಣುಕತೊಡಗಿದರು. ಅವರಲ್ಲಿ ಮ್ಯಾನೇಜರರೂ ಒಬ್ಬರು. ಒಂದು ದಿನ ಫೋಟೋ ಹಾಕುವುದು ತಡವಾದಾಗ, ಸರ್ವರ್ ಕೈಕೊಟ್ಟಿತಾ ಎಂದು ಮೊದಲು ಫೋನ್ ಮಾಡಿದವರು ಅವರೇ. ಸರ್ವರ್ ಚೆನ್ನಾಗಿದೆ, ಅಡುಗೆಯವರು ಇನ್ನೂ ತರಕಾರಿ ಹೆಚ್ಚುತ್ತಿದ್ದಾರೆ ಎಂದು ಅಂಚೆಯಕ್ಕ ವರದಿ ಒಪ್ಪಿಸಿದಳು.

ಆ ಬೇಸಿಗೆಯಲ್ಲಿ ಅವಳು ರಜೆ ಹಾಕಿ, ಗಂಡ, ಅತ್ತೆಯೊಂದಿಗೆ ಸಮುದ್ರ ನೋಡಲು ಹೋದಳು. ಸಹಾಯಕ್ಕೆ ಹೊಸದಾಗಿ ಸೇರಿದ್ದ ಸಹೋದ್ಯೋಗಿಗೆ ಎಲ್ಲ ಹೇಳಿಕೊಟ್ಟು ಬಂದಿದ್ದರೂ, ಯಾರಾದರೂ ಕರೆದೇ ಕರೆಯುತ್ತಾರೆಂದು ಫೋನನ್ನು ಮರಳಿನ ಮೇಲೂ ಕೈಯಲ್ಲೇ ಹಿಡಿದಿದ್ದಳು. ಒಂದು ಕರೆಯೂ ಬರಲಿಲ್ಲ. ಮೊದಲು ಹಗುರವೆನಿಸಿತು. ಸ್ವಲ್ಪ ಹೊತ್ತಿನ ಮೇಲೆ, ನಾನಿಲ್ಲದೆಯೂ ಎಲ್ಲ ನಡೆಯುತ್ತಿದೆಯಲ್ಲ ಎಂದು ಒಳಗೊಳಗೇ ಮುನಿಸೂ ಬಂತು. ಗಂಡನಿಗೆ ಹೇಳಿದರೆ ಅವನು, ನಾನು ರಜೆ ಹಾಕಿದ ದಿನ ಬಸ್ ನಿಂತಿದ್ದನ್ನು ನೋಡಿದ್ದೀಯಾ ಎಂದು ನಕ್ಕ. ಅವಳು ಫೋನನ್ನು ಅತ್ತೆಯ ಚೀಲಕ್ಕೆ ಹಾಕಿ, ಸೀರೆ ಎತ್ತಿಕಟ್ಟಿ, ನೀರಿಗಿಳಿದಳು.