ಖಾಸಿಮಸಾಬರು ಕುಡಿದಿರಲಿಲ್ಲ

ನಮ್ಮ ಅಜ್ಜ ಖಾಸಿಮಸಾಬರು ಬೈಲಹೊಂಗಲದಲ್ಲಿ ಎತ್ತುಗಳಿಗೆ ನಾಲು ಬಡಿಯುತ್ತಿದ್ದರು. ನಾಲು ಅಂದರೆ ಲಾಳ. ಈಗ ಎಲ್ಲೆಲ್ಲೂ ಟ್ರ್ಯಾಕ್ಟರ್. ಆದರೂ ಕಿತ್ತೂರು, ಮುರಗೋಡ ಕಡೆಯ ಕೆಲವು ರೈತರು ಸಂತೆಯ ದಿನ ಎತ್ತು ಹೊಡೆದುಕೊಂಡು ಅವರ ಹತ್ತಿರವೇ ಬರುತ್ತಿದ್ದರು. ಅಜ್ಜ ಕಾಲಿಗೆ ಹಗ್ಗ ಸುತ್ತಿ ಎತ್ತನ್ನು ಮೆಲ್ಲಗೆ ಕೆಡವಿ, ಮೊಳೆ ಹೊಡೆಯುವ ಮೊದಲು ಗೊರಸನ್ನು ಸುತ್ತಿಗೆಯಿಂದ ತಟ್ಟಿ ಸಪ್ಪಳ ಕೇಳುತ್ತಿದ್ದರು. ಗೊರಸಿನ ಹೊರಭಾಗಕ್ಕೆ ನೋವಾಗುವುದಿಲ್ಲ, ಒಳಗೆ ಹಸಿಮಾಂಸ ಇರುತ್ತದೆ. ಮೊಳೆ ಅಲ್ಲಿಗೆ ಮುಟ್ಟಬಾರದು.

ಮುರಗೋಡದ ಯಮನಪ್ಪನವರ ಎತ್ತಿಗೆ ಒಂದು ಸಲ ಮುಟ್ಟಿತು. ಗೊರಸು ಕೀವು ತುಂಬಿ ಎತ್ತು ಕುಂಟಿತು. ಯಮನಪ್ಪ ಸಿಟ್ಟಿನಿಂದ ಕೇಳಲು ಬಂದರೆ ಅಜ್ಜ ಅವರ ಮುಖ ನೋಡಿ, "ಯಾವೂರಾವ್ರು ನೀವು?" ಅಂದರು. ಇಬ್ಬರೂ ಮೀಸೆ ಮೂಡುವ ಮೊದಲಿನಿಂದ ಗೊತ್ತಿದ್ದವರು.

ಯಮನಪ್ಪ ಸಂತೆಯಲ್ಲಿ ಚಹಾದ ಅಂಗಡಿಯ ಮುಂದೆ ಎಲ್ಲರಿಗೂ ಕೇಳುವಂತೆ ಹೇಳಿದರು. "ಖಾಸಿಮ ಮುಪ್ಪಿನಾಗ ಬಾಟ್ಲಿ ಹಿಡದಾನ. ನಶಾದಾಗ ಬಡದಾನ ಮೊಳಿ."

"ಎತ್ತಿಗೂ ಒಂದೀಟು ಕುಡಿಸಿ ತರ್ರಿ ಯಮನಪ್ಪಾರ, ಇಬ್ರದೂ ಹೊಂದತೈತಿ," ಅಂದ ಅಂಗಡಿಯ ಮಡಿವಾಳೆಪ್ಪ. ಎಲ್ಲರೂ ನಕ್ಕರು.

ನಮಾಜು ತಪ್ಪಿಸದ ಮನುಷ್ಯನ ಮೇಲೆ ಬಂದ ಮಾತು ಇದು. ಮಸೀದಿಯಲ್ಲೂ ಜನ ಅವರ ಪಕ್ಕ ನಿಲ್ಲಲು ಹಿಂದೆಮುಂದೆ ನೋಡಿದರು. ಅಜ್ಜಿ ಮೌಲಾಬಿ ಓಣಿಯವರೆಲ್ಲರ ಜೊತೆ ಜಗಳ ಆಡಿದರು. ಆದರೆ ಒಂದು ಮಧ್ಯಾಹ್ನ ಅಜ್ಜ ಮಲಗಿದ್ದಾಗ, ಬಗ್ಗಿ ಅವರ ಬಾಯಿ ಮೂಸಿ ನೋಡಿದರು. ಅಜ್ಜ ಎಚ್ಚರವಾಗಿಯೇ ಇದ್ದರು.

"ನೀನೂನ?" ಅಂದು ಮಗ್ಗಲು ಬದಲಿಸಿದರು. ವಾಸನೆ ಏನೂ ಇರಲಿಲ್ಲ. ಇದನ್ನು ಅಜ್ಜಿಯೇ ನಮಗೆ ಹೇಳಿದ್ದು, ಕೇಳದಿದ್ದರೂ ಮತ್ತೆ ಮತ್ತೆ ಹೇಳುತ್ತಾರೆ.

ಮುಂದೆ ಅಜ್ಜ ಮನೆಯ ದಾರಿ ತಪ್ಪಲು ಶುರುಮಾಡಿದಾಗ ಅವರನ್ನು ನಮ್ಮಪ್ಪ ಸರ್ಫರಾಜ ಒಬ್ಬ ಡಾಕ್ಟರಿಗೆ ತೋರಿಸಿ, ಮೊಳೆ ತಪ್ಪಿದ್ದನ್ನೂ ಹೇಳಿದರು. ಮೊದಲು ಮಾಡಿದ ತಲೆಯ ಸ್ಕ್ಯಾನಿನಲ್ಲಿ ವಯಸ್ಸಿಗೆ ತಕ್ಕಂತೆ ಇದೆ ಅಂತ ಬಂತು. ಹಾಗಾದರೆ ರೋಗವಲ್ಲ, ಜನ ಹೇಳಿದ್ದೇ ನಿಜವಿರಬಹುದೇ ಎಂದು ಅಜ್ಜಿಗೆ ಇನ್ನೂ ಭಯವಾಯಿತು. ಆಗ ಡಾಕ್ಟರ್ ಹುಬ್ಬಳ್ಳಿಗೆ ಕಳಿಸಿ ಪೆಟ್ ಸ್ಕ್ಯಾನ್ ಮಾಡಿಸಿದರು. ಸಕ್ಕರೆಯಂಥ ಒಂದು ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಮೆದುಳಿನಲ್ಲಿ ಚೆನ್ನಾಗಿ ದುಡಿಯುವ ಜಾಗ ಅದನ್ನು ಹೆಚ್ಚು ಎಳೆದುಕೊಳ್ಳುತ್ತದೆ, ಸೋತ ಜಾಗ ಕಡಿಮೆ. ಅದು ಚಿತ್ರದಲ್ಲಿ ಬಣ್ಣವಾಗಿ ಕಾಣುತ್ತದೆ.

ಅದಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಅಜ್ಜ ಅದನ್ನು ರೋಜಾದ ಉಪವಾಸ ಅಂದುಕೊಂಡರು. ನರ್ಸು, "ನೀರ ಕುಡೀಬಹುದು ಅಜ್ಜಾರ," ಅಂದರೆ, "ಹೊತ್ತು ಮುಳುಗಿ ಮಗ್ರಿಬ್ ನಮಾಜ ಆಗ್ಲಿ ತಂಗಿ," ಅಂದರು. ಮಬ್ಬು ಕೋಣೆಯಲ್ಲಿ ಮಾತಾಡದೆ, ಅಲುಗದೆ ಮಲಗಿದರು.

ಡಾಕ್ಟರ್ ಚಿತ್ರ ತೋರಿಸಿದರು. ಎರಡೂ ಕಿವಿಗಳ ಮೇಲೆ, ತಲೆಯ ಹಿಂಬದಿಯ ಕಡೆಗೆ, ಕೆಂಪು ಹಳದಿ ಇರಬೇಕಾದಲ್ಲಿ ನೀಲಿ ಇತ್ತು. ಅಜ್ಜಿ ಒಂದೇ ಪ್ರಶ್ನೆ ಕೇಳಿದರು.

"ಕುಡಿಯೋರದು ಹಿಂಗ ಇರತೈತೇನ್ರಿ?"

"ಇಲ್ಲವ್ವ. ಇದು ಅಲ್ಝೈಮರ್ ರೋಗದಾಗ ಕಾಣೋ ನಮೂನಿ. ನೆನಪಿನ ಪರೀಕ್ಷಾನೂ ಅದನ್ನ ಹೇಳತೈತಿ. ಮೊಳಿ ತಪ್ಪೋ ಹೊತ್ತಿಗೇ ಶುರುವಾಗಿದ್ದೀತು."

"ಇದನ್ನ ಆವಾಗ ಮಾಡಸಿದ್ರ?"

"ರೋಗ ಹೋಗತಿದ್ದಿಲ್ಲ. ಗೊತ್ತಾಗತಿತ್ತು, ಅಷ್ಟ."

"ಅಷ್ಟಾಗಿದ್ರ ಸಾಕಿತ್ರಿ," ಅಂದರು ಅಜ್ಜಿ.

ಮರುದಿನವೇ ಅಜ್ಜಿ ಆ ಚಿತ್ರ ಹಿಡಿದು ಮುರಗೋಡದ ಬಸ್ಸು ಹತ್ತಿದರು. ಯಮನಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

"ಇದ್ರಾಗ ನನಗೇನ ತಿಳೀತೈತಿ ಮೌಲಾಬಿ?"

"ಆ ನೀಲಿ ಐತಲ್ರಿ, ಅಲ್ಲೇ ನೀವಿದ್ರಿ. ನಿಮ್ಮ ಎತ್ತೂ ಅಲ್ಲೇ ಇತ್ತು."

ಯಮನಪ್ಪ ಚಿತ್ರವನ್ನು ಅಜ್ಜಿಯ ಕೈಗೆ ವಾಪಸು ಕೊಟ್ಟರು. "ಸಂತ್ಯಾಗ ಅಂದೇನಿ. ಸಂತ್ಯಾಗ ತಿರುಗಿ ಅಂತೇನಿ," ಅಂದರು.

ಮುಂದಿನ ಸಂತೆಗೆ ಅಜ್ಜಿ ಅಜ್ಜನಿಗೆ ಒಗೆದ ಜುಬ್ಬಾ ಹಾಕಿಸಿ ಕರೆತಂದರು. ಈ ಮಾತು ಅವರ ಕಿವಿಗೆ ಬೀಳಬೇಕು ಎಂಬುದೊಂದೇ ಆಕೆಗೆ ಬೇಕಾಗಿತ್ತು. ಅದೇ ಚಹಾದ ಅಂಗಡಿಯ ಮುಂದೆ ಯಮನಪ್ಪ ನಿಂತು, "ಈ ಮನಶಾ ಕುಡದಿದ್ದಿಲ್ಲ. ಅದು ರೋಗ. ನಾ ಅಂದದ್ದು ತಪ್ಪು," ಅಂದರು. ಮಡಿವಾಳೆಪ್ಪ ತಲೆ ತಗ್ಗಿಸಿ ಚಹಾ ತಂದಿಟ್ಟ.

ಅಜ್ಜ ಎಲ್ಲ ಕೇಳಿಸಿಕೊಂಡರು. "ಯಾರ ಸುದ್ದಿರಿ ಇದು?" ಅಂದರು.

"ನಿಂದ ಖಾಸಿಮ. ನೀ ಕುಡೀತಿ ಅಂತ ನಾನ ಹಬ್ಬಸಿದ್ದೆ."

ಅಜ್ಜನಿಗೆ ನಗು ಬಂತು. "ನಾ ಕುಡಿಯೂದಾ? ನಮ್ಮ ಮನಿಗೆ ಹೋಗಿ ಮೌಲಾಬಿನ್ನ ಕೇಳ್ರಿ. ಊರೆಲ್ಲಾ ಅಂದ್ರೂ ಆಕಿ ನಂಬೂದಿಲ್ಲ."

ಅಜ್ಜಿ ಅವರ ಪಕ್ಕದಲ್ಲೇ ಕುಳಿತಿದ್ದರು.